ಕ್ರೂಸ್ ಬೆಳೆದ ಕಥೆ, ಮತ್ತು ಆ 20 ಅಡಿ

ಶನಿವಾರ ಸಂಜೆ ಹಿಂಜೇವಾಡಿ ಟ್ರಾಫಿಕ್ ದಾಟಿಕೊಂಡು ಇಲ್ಲಿ ತನಕ ಬಂದಿದ್ದೀರಿ. ಡ್ರೈವರ್ ಇಲ್ಲದೆ ಓಡುವ ಕಾರು ಯಾಕೆ ಬೇಕು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೆಲಸವೂ ಇದರ ಹತ್ತಿರದ್ದೇ. ಎದುರಿಗೆ ಯಾರಾದರೂ ಬಂದರೆ ಕಾರು ತಾನಾಗಿ ಬ್ರೇಕ್ ಹಾಕುತ್ತಲ್ಲ, ಆ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಟೀಮಿನಲ್ಲಿದ್ದೇನೆ. ಎಂಟೆಕ್ ಓದುವಾಗ ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ಕ್ರೂಸ್. ಇವತ್ತು ಆ ಕಂಪನಿಯ ಕಥೆ ಹೇಳ್ತೀನಿ.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೈಲ್ ವೋಗ್ಟ್ ಮತ್ತು ಡ್ಯಾನ್ ಕಾನ್ ಇದನ್ನು ಶುರು ಮಾಡಿದರು. ವೋಗ್ಟ್ ಅದಕ್ಕೂ ಮೊದಲು ಟ್ವಿಚ್ ಕಟ್ಟಿದವರಲ್ಲಿ ಒಬ್ಬರು. ಕ್ರೂಸ್‌ನ ಮೊದಲ ಪ್ರಾಡಕ್ಟ್ ಕಾರಲ್ಲ, ಬರೀ ಒಂದು ಕಿಟ್. ಆಡಿ ಎ4 ಅಥವಾ ಎಸ್4 ಕಾರಿಗೆ ಕೂರಿಸಿದರೆ ಹೈವೇಯಲ್ಲಿ ತಾನೇ ಓಡಿಸಬೇಕು, ಬೆಲೆ 10,000 ಡಾಲರ್. ಸ್ವಲ್ಪ ಕಾಲದಲ್ಲೇ ಅದನ್ನು ಕೈಬಿಟ್ಟು ಊರೊಳಗಿನ ರಸ್ತೆಗೆ ಇಳಿದರು. ನನ್ನ ಪ್ರಕಾರ ಅದು ಧೈರ್ಯದ ನಿರ್ಧಾರ. ಹೈವೇಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ. ಊರೊಳಗೆ ಯಾರು ಯಾವಾಗ ಎಲ್ಲಿಂದ ಅಡ್ಡ ಬರ್ತಾರೋ ದೇವರಿಗೇ ಗೊತ್ತು.

2016ರ ಮಾರ್ಚ್‌ನಲ್ಲಿ ಜನರಲ್ ಮೋಟಾರ್ಸ್ ಕ್ರೂಸ್‌ನ ಕೊಂಡುಕೊಳ್ಳುವುದಾಗಿ ಹೇಳಿತು. ಆಗ ಅಲ್ಲಿದ್ದದ್ದು ಸುಮಾರು 40 ಜನ. ಆಮೇಲೆ ದುಡ್ಡು ಹೊಳೆಯಂತೆ ಬಂತು: 2018ರಲ್ಲಿ ಸಾಫ್ಟ್‌ಬ್ಯಾಂಕ್ ಫಂಡ್‌ನಿಂದ 225 ಕೋಟಿ ಡಾಲರ್‌ನ ಮಾತು, ಅದೇ ವರ್ಷ ಹೋಂಡಾ, 2021ರಲ್ಲಿ ಮೈಕ್ರೋಸಾಫ್ಟ್. ಆ ಹೊತ್ತಿಗೆ ಕಂಪನಿಗೆ ಕಟ್ಟಿದ ಬೆಲೆ 3,000 ಕೋಟಿ ಡಾಲರ್. 2019ರಲ್ಲೇ ಟ್ಯಾಕ್ಸಿ ಶುರು ಅಂದಿದ್ದು ಮುಂದಕ್ಕೆ ಹೋಯ್ತು, ಸಿಇಓ ಬದಲಾದರು, ವೋಗ್ಟ್ ಮತ್ತೆ ಆ ಕುರ್ಚಿಗೆ ಬಂದರು. 2022ರಲ್ಲಿ ಡ್ರೈವರ್ ಇಲ್ಲದೆ, ಬಾಡಿಗೆ ತಗೊಂಡು ರಾತ್ರಿ ಹೊತ್ತು ಓಡಿಸೋಕೆ ಪರವಾನಗಿ ಸಿಕ್ಕಿತು. 2023ರ ಆಗಸ್ಟ್ 10ಕ್ಕೆ ಇಪ್ಪತ್ನಾಲ್ಕು ಗಂಟೆಯೂ ಓಡಿಸಲು ಅನುಮತಿ. ರಸ್ತೆ ಮಧ್ಯೆ ಕಾರು ನಿಂತುಬಿಡುತ್ತೆ, ನಮ್ಮ ಗಾಡಿಗಳಿಗೆ ಅಡ್ಡ ಆಗುತ್ತೆ ಅಂತ ಅಗ್ನಿಶಾಮಕ ದಳದವರು ಗೋಗರೆದರೂ 3-1 ಮತಗಳಿಂದ ಪಾಸಾಯ್ತು.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಕ್ಟೋಬರ್ 2ರ ರಾತ್ರಿ ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿಗೆ ಮನುಷ್ಯರೇ ಓಡಿಸುತ್ತಿದ್ದ ಬೇರೊಂದು ಕಾರು ಗುದ್ದಿತು. ಆಕೆ ಹಾರಿ ಬಂದು ಪಕ್ಕದ ಲೇನಿನಲ್ಲಿದ್ದ ಕ್ರೂಸ್ ಕಾರಿನ ಮುಂದೆ ಬಿದ್ದರು. ಕಾರು ಬ್ರೇಕ್ ಹಾಕಿತು, ಆದರೂ ತಾಗಿತು, ನಿಂತಿತು. ಇಲ್ಲಿಯ ತನಕದ್ದು ಯಾವ ಡ್ರೈವರ್‌ಗೂ ಆಗಬಹುದಾದದ್ದು.

ಮುಂದಿನದನ್ನು ಗಮನವಿಟ್ಟು ಕೇಳಿ. ಸಾಫ್ಟ್‌ವೇರ್ ಇದನ್ನು ಪಕ್ಕದಿಂದ ಆದ ಡಿಕ್ಕಿ ಅಂತ ತಪ್ಪಾಗಿ ಲೆಕ್ಕ ಹಾಕಿತು. ಅಂಥ ಡಿಕ್ಕಿ ಆದರೆ ಏನು ಮಾಡಬೇಕು? ರಸ್ತೆ ಬದಿಗೆ ಹೋಗಿ ನಿಲ್ಲಬೇಕು. ರೂಲ್ ತಪ್ಪಲ್ಲ, ಕೋಡ್ ರಿವ್ಯೂನಲ್ಲಿ ನಾನೂ ಓಕೆ ಅಂತಿದ್ದೆ. ಆದರೆ ಆ ಹೆಂಗಸು ಕಾರಿನ ಕೆಳಗಿದ್ದರು. ಅವರ ಕಾಲು ಒಂದು ಕ್ಯಾಮೆರಾಗೆ ಕಾಣಿಸುತ್ತಲೇ ಇತ್ತು. ಅದು ಮನುಷ್ಯರ ಕಾಲು ಅನ್ನೋದು ಮಾತ್ರ ಸಿಸ್ಟಮ್‌ಗೆ ತಿಳಿಯಲಿಲ್ಲ. ಕಾರು ಸುಮಾರು 20 ಅಡಿ ಅವರನ್ನು ಎಳೆದುಕೊಂಡು ಹೋಯ್ತು. ಅವರು ಬದುಕಿದರು, ಆದರೆ ತೀವ್ರ ಗಾಯಗಳಾಗಿದ್ದವು.

ಮರುದಿನ ಕ್ರೂಸ್‌ನವರು ಅಧಿಕಾರಿಗಳ ಜೊತೆ ಮೀಟಿಂಗ್ ಮಾಡಿ ವಿಡಿಯೋ ತೋರಿಸಿದರು. ಕಂಪನಿಯೇ ನೇಮಿಸಿದ ಲಾಯರ್‌ಗಳು ಆಮೇಲೆ ಕೊಟ್ಟ ವರದಿ ಪ್ರಕಾರ, ಕೆಲವು ಮೀಟಿಂಗ್‌ಗಳಲ್ಲಿ ಇಂಟರ್ನೆಟ್ ಕೈಕೊಟ್ಟು ವಿಡಿಯೋ ಸರಿಯಾಗಿ ಕಾಣಿಸಿರಲಿಲ್ಲ. ಅಷ್ಟರಲ್ಲಾಗಲೇ ಕಂಪನಿಯ ನೂರಕ್ಕೂ ಹೆಚ್ಚು ಜನಕ್ಕೆ ಎಳೆದೊಯ್ದ ವಿಷಯ ಗೊತ್ತಿತ್ತು. ವಿಡಿಯೋ ನೋಡಿದರೆ ಅವರಿಗೇ ಗೊತ್ತಾಗುತ್ತೆ ಅಂದುಕೊಂಡು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪತ್ರಕರ್ತರಿಗಂತೂ ಡಿಕ್ಕಿಯ ತನಕದ ಭಾಗ ಮಾತ್ರ ತೋರಿಸಿದ್ದರು.

ಅಕ್ಟೋಬರ್ 24ಕ್ಕೆ ಕ್ಯಾಲಿಫೋರ್ನಿಯಾದ ಡಿಎಂವಿ, ನಮ್ಮ ಆರ್‌ಟಿಓ ಇದ್ದ ಹಾಗೆ ಅನ್ನಿ, ಪರವಾನಗಿ ಅಮಾನತು ಮಾಡಿತು. ನವೆಂಬರ್‌ನಲ್ಲಿ 950 ಕಾರುಗಳ ರೀಕಾಲ್, ಅದೇ ತಿಂಗಳು ವೋಗ್ಟ್ ರಾಜೀನಾಮೆ. ಡಿಸೆಂಬರ್‌ನಲ್ಲಿ ಸುಮಾರು 900 ಜನರ ಕೆಲಸ ಹೋಯ್ತು. 2024ರಲ್ಲಿ, ತನಿಖೆಯ ಮೇಲೆ ಪ್ರಭಾವ ಬೀರಲು ಸುಳ್ಳು ವರದಿ ಕೊಟ್ಟಿದ್ದನ್ನು ಕಂಪನಿ ಒಪ್ಪಿಕೊಂಡು 5 ಲಕ್ಷ ಡಾಲರ್ ದಂಡ ಕಟ್ಟಿತು. ಆ ವರ್ಷದ ಡಿಸೆಂಬರ್ 10ಕ್ಕೆ ಜನರಲ್ ಮೋಟಾರ್ಸ್ ರೋಬೋಟ್ಯಾಕ್ಸಿಗೆ ಇನ್ನು ದುಡ್ಡು ಹಾಕೋದಿಲ್ಲ ಅಂದಿತು. ಅಷ್ಟರಲ್ಲಿ 1,000 ಕೋಟಿ ಡಾಲರ್‌ಗೂ ಹೆಚ್ಚು ಸುರಿದಾಗಿತ್ತು.

ಟೆಕ್ನಾಲಜಿಯೇ ಆಗಲ್ಲ ಅಂತ ಇದರಿಂದ ಹೇಳೋಕಾಗಲ್ಲ. ಅದೇ ದಿನ ಅದೇ ಅನುಮತಿ ಪಡೆದ ವೇಮೋ ಅದೇ ಊರಲ್ಲಿ ಓಡುತ್ತಲೇ ಉಳಿಯಿತು. ನನಗೆ ಕಾಡೋದು ಆ ನೂರು ಜನ. ಅವರಲ್ಲಿ ನನ್ನಂಥ ಇಂಜಿನಿಯರ್‌ಗಳೂ ಇದ್ದಿರಬೇಕಲ್ವಾ? ಕೆಟ್ಟವರೇನಲ್ಲ, ಹೇಳೋದು ಬೇರೆಯವರ ಕೆಲಸ ಅಂದುಕೊಂಡವರು.

ನಾನೂ ಅಂದುಕೊಂಡಿದ್ದೆ. ಕಳೆದ ವರ್ಷ ನಮ್ಮ ಟ್ರ್ಯಾಕ್‌ನಲ್ಲಿ ಮಗುವಿನ ಗಾತ್ರದ ಡಮ್ಮಿ ಅಡ್ಡ ಬಂದಾಗ ಕಾರು ಬ್ರೇಕ್ ಹಾಕಲಿಲ್ಲ. ಮತ್ತೆ ಓಡಿಸಿದೆವು, ಹಾಕಿತು. ಶೀಟಿನಲ್ಲಿ ‘ರೀಟೆಸ್ಟ್‌ನಲ್ಲಿ ಪಾಸ್’ ಅಂತ ಹಸಿರು ಬಣ್ಣ ತುಂಬಿದೆ. ವಾರದ ಕಾಲ್‌ನಲ್ಲಿ ಕಸ್ಟಮರ್ ಕೇಳಲಿಲ್ಲ, ನಾನು ಹೇಳಲಿಲ್ಲ. ಶೀಟಿನಲ್ಲಿ ಇದೆಯಲ್ಲ, ನೋಡ್ಕೋತಾರೆ ಅಂದುಕೊಂಡೆ. ಆಮೇಲೆ ಕ್ರೂಸ್‌ನ ವರದಿ ಓದುತ್ತಾ ಕೂತಾಗ ಆ ಹಸಿರು ಬಣ್ಣ ನೆನಪಾಯ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ನಮ್ಮನೆಯಲ್ಲೂ ನಾಲ್ಕು ವರ್ಷದ ಮಗಳಿದ್ದಾಳೆ.

ಮುಂದಿನ ವಾರ ಶೀಟಿಗೆ ‘ಮೊದಲ ಸಲ ಏನಾಯ್ತು’ ಅಂತ ಒಂದು ಕಾಲಂ ಸೇರಿಸಿದೆ, ಕಾಲ್‌ನಲ್ಲಿ ನಾನೇ ಓದಿ ಹೇಳಿದೆ. ಅರ್ಧ ಗಂಟೆಯ ಕಾಲ್ ಎರಡು ಗಂಟೆ ಎಳೀತು. ಮ್ಯಾನೇಜರ್ ಎರಡು ದಿನ ನನ್ನ ಜೊತೆ ಚಹಾಕ್ಕೆ ಬರಲಿಲ್ಲ. ಆ ಮೊದಲ ಸಲ ಯಾಕೆ ಬ್ರೇಕ್ ಬೀಳಲಿಲ್ಲ ಅನ್ನೋದು ಇನ್ನೂ ಪೂರ್ತಿ ಸಿಕ್ಕಿಲ್ಲ. ಸೋಮವಾರ ಮತ್ತೆ ಟ್ರ್ಯಾಕ್‌ಗೆ ಹೋಗ್ತಿದ್ದೀವಿ. ಪ್ರಶ್ನೆ ಇದ್ದರೆ ಕೇಳಿ, ಮೈಕ್ ಹಿಂದಿನ ಸಾಲಿನಲ್ಲಿದೆ.