ಹೊಸ ಸಿಪಾಯಿಯ ಮೊದಲ ಪಲ್ಟನ್

(ತರಬೇತಿ ಮುಗಿಸಿ ರಜೆಯ ಮೇಲೆ ಬಂದಿದ್ದ ಮೂವರು ತರುಣರನ್ನು ಬೀಳ್ಕೊಡಲು ಸಂಘದ ವಾಚನಾಲಯದಲ್ಲಿ ಕೂಡಿದ ಸಭೆಯಲ್ಲಿ ನಿವೃತ್ತ ಸುಬೇದಾರರೊಬ್ಬರು ಮಾಡಿದ ಭಾಷಣ)



ನಮ್ಮ ಈ ಮೂವರು ಹುಡುಗರು ಮುಂದಿನ ವಾರ ತಮ್ಮ ತಮ್ಮ ಪಲ್ಟನ್ನಿಗೆ ಹೊರಡುತ್ತಾರೆ. ಅವರಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಭಾಷಣಕಾರನಲ್ಲ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, 1986ರಲ್ಲಿ ಸೈನ್ಯಕ್ಕೆ ಸೇರಿದವನು. ಇಪ್ಪತ್ತೆಂಟು ವರ್ಷ ಅದರ ಉಪ್ಪು ತಿಂದು ಬಂದಿದ್ದೇನೆ. ಕಂಡದ್ದನ್ನಷ್ಟೇ ಹೇಳುತ್ತೇನೆ.

ತರಬೇತಿ ಕೇಂದ್ರದಲ್ಲಿ ಎಲ್ಲರೂ ಹೊಸಬರು. ಒಬ್ಬ ತಪ್ಪಿದರೆ ಹತ್ತು ಜನ ತಪ್ಪುತ್ತಾರೆ, ನಾಚಿಕೆಯಿಲ್ಲ. ಪಲ್ಟನ್ನಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಹಳಬರು, ನೀನೊಬ್ಬನೇ ಹೊಸಬ. 1982ರ ಮುಷ್ಕರಕ್ಕೆ ಮೊದಲು ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಕುಳಿತಿದ್ದಾರೆ. ಬದಲಿ ಕೆಲಸಗಾರನಾಗಿ ಮೊದಲ ದಿನ ಸಾಂಚಾ ಖಾತೆಗೆ ಕಾಲಿಟ್ಟಾಗ ಎದೆ ಹೇಗೆ ಹೊಡೆದುಕೊಂಡಿತೆಂದು ಅವರನ್ನು ಕೇಳಿ. ಅದೇ ಎದೆ, ಅದೇ ಹೊಡೆತ. ಕಸಮ್ ಪರೇಡಿನಲ್ಲಿ ಪ್ರಮಾಣ ಮಾಡಿದ ಮಾತ್ರಕ್ಕೆ ಕೆಲಸ ಬಂದಂತಲ್ಲ. ಕೆಲಸ ಕಲಿಯುವುದು ಈಗ ಆರಂಭ.

ಮೊದಲು ಪ್ರಯಾಣ. ನಿಮ್ಮ ಕೈಯಲ್ಲಿ ಮೂವ್‌ಮೆಂಟ್ ಆರ್ಡರ್ ಇರುತ್ತದೆ. ಎಲ್ಲಿಗೆ, ಯಾವ ದಿನದೊಳಗೆ ಹಾಜರಾಗಬೇಕೆಂಬುದು ಅದರಲ್ಲಿದೆ. ಅದನ್ನು ಟ್ರಂಕಿನಲ್ಲಿ ಇಡಬೇಡಿ, ಎದೆಯ ಜೇಬಿನಲ್ಲಿ ಇಟ್ಟುಕೊಳ್ಳಿ. ದಾರಿಯಲ್ಲಿ ಗಾಡಿ ತಪ್ಪಿದರೆ ಗಾಬರಿಯಾಗಬೇಡಿ. ದೊಡ್ಡ ನಿಲ್ದಾಣಗಳಲ್ಲಿ ಸೈನ್ಯದ ಮೂವ್‌ಮೆಂಟ್ ಕಂಟ್ರೋಲ್ ಕಚೇರಿಗಳಿವೆ. ಅಲ್ಲಿ ಹೇಳಿಕೊಳ್ಳಿ. ಹೇಳದೆ ತಡವಾಗಿ ಹೋಗುವುದು ಮಾತ್ರ ಕೂಡದು. ರಜೆ ಮೀರಿ ಮನೆಯಲ್ಲಿ ಉಳಿಯುವುದು ಸೇನಾ ಕಾಯಿದೆಯ 39ನೆಯ ಕಲಮಿನ ಪ್ರಕಾರ ಅಪರಾಧ. ಹೋಟೆಲಿನಲ್ಲಿ ನಾಲ್ಕು ದಿನ ಹೆಚ್ಚು ನಿಂತರೆ ಸಂಬಳ ಕತ್ತರಿಸುತ್ತಾರೆ, ಇಲ್ಲಿ ಸೆರೆಯಾಗಬಹುದು. ಮನೆಯವರೂ ಇದನ್ನು ನೆನಪಿಡಬೇಕು. ಜಾತ್ರೆಗೆ ಇರು, ಮದುವೆಗೆ ಇರು ಎಂದು ಹುಡುಗನನ್ನು ತಡೆಯಬೇಡಿ.

ಪಲ್ಟನ್ನಿಗೆ ಹೋದೊಡನೆ ನಿಮ್ಮನ್ನು ಒಂದು ಕಂಪನಿಗೆ ಹಾಕುತ್ತಾರೆ. ಕಾಲಾಳು ಪಡೆಯ ಲೆಕ್ಕ ಹೀಗೆ: ಹತ್ತು ಜನರ ಒಂದು ಸೆಕ್ಷನ್, ಮೂರು ಸೆಕ್ಷನ್ನುಗಳ ಒಂದು ಪ್ಲಟೂನ್, ಮೂರು ಪ್ಲಟೂನುಗಳ ಒಂದು ರೈಫಲ್ ಕಂಪನಿ, ಅಂಥ ನಾಲ್ಕು ಕಂಪನಿಗಳು. ಎಲ್ಲ ಸೇರಿ ಸುಮಾರು 800 ಜನ. ಮೇಲೆ ಕರ್ನಲ್ ಸಾಹೇಬರು, ಸಿಪಾಯಿಗಳ ಕಡೆಯಿಂದ ಹಿರಿಯರೆಂದರೆ ಸುಬೇದಾರ್ ಮೇಜರ್ ಸಾಹೇಬರು. ಆದರೆ ಹೊಸಬನಿಗೆ ತಾಯಿ ತಂದೆ ಎರಡೂ ಅವನ ಸೆಕ್ಷನ್ ಕಮಾಂಡರನೇ. ಮಂಚ, ಟ್ರಂಕು, ರೈಫಲ್ಲು, ಜೊತೆಗಾರ ಎಲ್ಲವನ್ನೂ ತೋರಿಸಿ ಕೊಡುವವನು ಅವನು. ರೈಫಲ್ಲಿನ ನಂಬರನ್ನು ಮೊದಲ ದಿನವೇ ಬಾಯಿಪಾಠ ಮಾಡಿ. ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಬೇಕು.

ಶಾಂತಿಯ ಠಾಣೆಯಲ್ಲಿ ಬೆಳಿಗ್ಗೆ ಪಿ.ಟಿ., ಆಮೇಲೆ ಆಯುಧದ ಅಭ್ಯಾಸ ಅಥವಾ ಫಟೀಗ್ ಕೆಲಸ, ಸಂಜೆ ಆಟ, ರಾತ್ರಿ ಗಿಂತಿ, ಎಂದರೆ ತಲೆ ಎಣಿಕೆ. ಕಾವಲಿನ ಪಾಳಿ ಸಾಮಾನ್ಯವಾಗಿ ಎರಡು ಗಂಟೆ ನಿಲ್ಲುವುದು, ನಾಲ್ಕು ಗಂಟೆ ಬಿಡುವು. ಫಟೀಗ್ ಎಂದರೆ ಹುಲ್ಲು ಕೀಳುವುದು, ಸಾಮಾನು ಹೊರುವುದು, ಲಂಗರಿನಲ್ಲಿ ಆಲೂಗಡ್ಡೆ ಸುಲಿಯುವುದು. ಹೊಸಬನ ಪಾಲಿಗೆ ಇದು ಸ್ವಲ್ಪ ಹೆಚ್ಚೇ ಬರುತ್ತದೆ. ಹೋಟೆಲಿನ ಹುಡುಗರಿಗೆ ಇದರಲ್ಲಿ ಕಷ್ಟವೇನಿದೆ? ನಾನು ಆಲೂಗಡ್ಡೆ ಸುಲಿದ ವೇಗ ನೋಡಿಯೇ ಲಂಗರಿನ ಹವಾಲ್ದಾರ ನನ್ನ ಸ್ನೇಹಿತನಾದ!

ಭಾಷೆ ಹಿಂದಿ. ಮುಂಬಯಿಯ ಹಿಂದಿ ಕೇಳಿ ನಗುತ್ತಾರೆ, ನೀವೂ ನಕ್ಕುಬಿಡಿ. ಆದರೆ ಕೆಲಸಕ್ಕೂ ಕಿರುಕುಳಕ್ಕೂ ಭೇದವಿದೆ. ಯಾರಾದರೂ ಹೊಡೆದರೆ, ಹಣ ಕಿತ್ತುಕೊಂಡರೆ, ಅವಮಾನ ಮಾಡಿದರೆ ಸಹಿಸಬೇಕಾಗಿಲ್ಲ. ಅನ್ಯಾಯಕ್ಕೊಳಗಾದ ಸಿಪಾಯಿ ತನ್ನ ಕಂಪನಿಯ ಅಧಿಕಾರಿಗೆ ದೂರು ಕೊಡಬಹುದೆಂದು 1950ರ ಸೇನಾ ಕಾಯಿದೆಯ 26ನೆಯ ಕಲಮು ಹೇಳುತ್ತದೆ. ಸಂಘದಲ್ಲಿ ಬೆಳೆದ ಮಕ್ಕಳಿಗೆ ಹಕ್ಕು ಎಂದರೇನೆಂದು ನಾನು ಹೇಳಬೇಕೆ? ಕ್ರಮವಾಗಿ ಹೋಗಿ, ಸತ್ಯವನ್ನೇ ಹೇಳಿ.

ಈಗ ನನ್ನ ಮೂರ್ಖತನದ ಕಥೆ. ನನ್ನ ಮೊದಲ ಪಲ್ಟನ್ ಲಡಾಖಿನಲ್ಲಿತ್ತು. ಗಾಳಿ ತೆಳುವಾದ ಆ ಎತ್ತರಕ್ಕೆ ದೇಹ ಒಗ್ಗಬೇಕು. 9,000 ಅಡಿ ಮೀರಿದರೆ ಆರು ದಿನ, 12,000 ಮೀರಿದರೆ ಇನ್ನೂ ನಾಲ್ಕು, 15,000 ಮೀರಿದರೆ ಮತ್ತೆ ನಾಲ್ಕು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೊದಲ ಎರಡು ದಿನ ವಿಶ್ರಾಂತಿಯೇ ಕೆಲಸ. ನಾನು ಎರಡನೆಯ ದಿನವೇ, ಹೊಸಬ ಸೋಮಾರಿ ಎಂದಾರೆಂದು, ಹೇಳದೆ ಕೇಳದೆ ನೀರಿನ ಡಬ್ಬ ಹೊತ್ತೆ. ಸಂಜೆ ತಲೆ ಸಿಡಿಯಿತು. ನಾಯಕ ಕೇಳಿದಾಗ "ಏನೂ ಇಲ್ಲ" ಎಂದೆ. ರಾತ್ರಿ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಕೆಮ್ಮಿಗೆ ಎಚ್ಚೆತ್ತ ನಾಯಕ ನನ್ನನ್ನು ಆಸ್ಪತ್ರೆಗೆ ಸಾಗಿಸದಿದ್ದರೆ ಇಂದು ಈ ಕುರ್ಚಿಯಲ್ಲಿ ಬೇರೆಯವರು ಇರುತ್ತಿದ್ದರು. ಎರಡು ವಾರ ನನ್ನ ಪಾಳಿಯನ್ನೂ ನನ್ನ ಜೊತೆಗಾರ ಕಾದ. ಬಿಹಾರದವನು, ಒಂದು ಮಾತು ಆಡಲಿಲ್ಲ. ನಾನು ಮರಳಿದ ದಿನ ಚಹ ಕೊಟ್ಟು, "ಮುಂದಿನ ಸಲ ಹೇಳು" ಎಂದ, ಅಷ್ಟೇ.

ಆ ಮಾತೇ ನನ್ನ ಇಂದಿನ ಭಾಷಣ. ತಲೆನೋವಾದರೆ ಹೇಳಿ. ಕಾಲು ಊದಿದರೆ ಹೇಳಿ. ಮನಸ್ಸಿಗೆ ಕತ್ತಲೆ ಕವಿದರೂ ಹೇಳಿ. ಮುಚ್ಚಿಟ್ಟ ನೋವು ಒಬ್ಬನದಾಗಿ ಉಳಿಯುವುದಿಲ್ಲ, ಹತ್ತು ಜನರ ಹೆಗಲಿಗೆ ಬರುತ್ತದೆ.

ಹೇಳಿಯೂ ತಪ್ಪಿಸಲಾಗದ ಅಪಾಯಗಳಿವೆ, ಅದನ್ನು ಮುಚ್ಚಿಡಲಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಜನ ಹಿಮಕುಸಿತಕ್ಕೆ ಸಿಕ್ಕಿದರು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಮೇಲೆ ಜೀವಸಹಿತ ತೆಗೆದರು, ಆದರೆ 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಹೆದರಿಸಲು ಹೇಳಲಿಲ್ಲ. ಮಗ ಎಲ್ಲಿಗೆ ಹೋಗುತ್ತಾನೆಂದು ಮನೆಗೆ ತಿಳಿದಿರಬೇಕು.

ಇನ್ನು ದುಡ್ಡಿನ ಮಾತು. ನಮ್ಮ ಕಾಲದ ನೌಕರಿ ಬೇರೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ತರಬೇತಿ ಸೇರಿ ನಾಲ್ಕು ವರ್ಷದ ಸೇವೆ. ಆಗ ಹೇಳಿದ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ನಿಧಿಗೆ 9,000 ಹೋಗಿ ಕೈಗೆ 21,000. ನಾಲ್ಕು ವರ್ಷದ ಕೊನೆಗೆ ಸುಮಾರು 11.71 ಲಕ್ಷ. ನೂರಕ್ಕೆ 25ರವರೆಗೆ ಜನರನ್ನು ಖಾಯಂ ಮಾಡುವುದೆಂದು ಹೇಳಿದ್ದರು. ಹೊರಬಂದವರಿಗೆ ಪಿಂಚಣಿಯಿಲ್ಲ. ಆದ್ದರಿಂದ, ತಂದೆಯರೇ, ಮಗ ಸೈನ್ಯದಲ್ಲಿದ್ದಾನೆಂದು ಇಪ್ಪತ್ತು ವರ್ಷದ ಸಾಲ ಎತ್ತಬೇಡಿ. ಮಕ್ಕಳೇ, ಸಂಜೆ ಬಿಡುವಿನಲ್ಲಿ ಓದನ್ನು ಬಿಡಬೇಡಿ. ಖಾಯಂ ಆದರೆ ಒಳ್ಳೆಯದು, ಆಗದಿದ್ದರೆ ಕೈಯಲ್ಲಿ ಇನ್ನೊಂದು ವಿದ್ಯೆ ಇರಲಿ.

ಕೊನೆಯದಾಗಿ, ಕಾಗದ ಬರೆಯಿರಿ. ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ನಂಬರು, ಹುದ್ದೆ, ಹೆಸರು, ಪಲ್ಟನ್, ಮತ್ತೆ 56 ಎ.ಪಿ.ಓ. ಅಥವಾ 99 ಎ.ಪಿ.ಓ. ಅಷ್ಟಿದ್ದರೆ ಹಿಮದ ಮೇಲಿನ ಠಾಣೆಗೂ ತಲಪುತ್ತದೆ. ಫೋನು ಇದೆಯಲ್ಲ ಎನ್ನುವಿರಿ. ಫೋನು ಎಲ್ಲ ಕಡೆ ಹತ್ತುವುದಿಲ್ಲ, ಠಾಣೆಯ ಚಿತ್ರ ತೆಗೆದು ಕಳಿಸುವುದಂತೂ ಸಲ್ಲ. ಅಮ್ಮನ ಕಾಗದವನ್ನಾದರೆ ಜೇಬಿನಲ್ಲಿಟ್ಟು ಹತ್ತು ಸಲ ಓದಬಹುದು. ನಾನು ಓದಿದ್ದೇನೆ.

ಹೋಗಿ ಬನ್ನಿ, ಮಕ್ಕಳೇ. ಮೊದಲ ರಜೆಗೆ ಬಂದಾಗ ಈ ವಾಚನಾಲಯಕ್ಕೆ ಬಂದು, ನಾನು ಹೇಳಿದ್ದರಲ್ಲಿ ಯಾವುದು ತಪ್ಪೆಂದು ತಿಳಿಸಿ.