ಪರದೇಶದ ರೇಷ್ಮೆಯೂ ನಮ್ಮ ಗೂಡಿನ ಬೆಲೆಯೂ
(ಭಾಷಣದ ಪಾಠ)



ಇಂದು ತಮ್ಮೆದುರಿಗೆ ನಿವೇದಿಸಬೇಕೆಂದಿರುವುದು ಪರದೇಶದ ಕಚ್ಚಾ ರೇಷ್ಮೆಯ ಮೇಲಣ ಆಮದು ಸುಂಕದ ವಿಚಾರ. ಸುಂಕವೆಂದೊಡನೆ ಅದು ದೆಹಲಿಯ ಲೆಕ್ಕಪತ್ರದ ಮಾತೆಂದು ನಾವು ಸುಮ್ಮನಾಗುವುದುಂಟು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗು ನಿಂತು ನೋಡಿದವರಿಗೆ ಅದು ಅನ್ನದ ಮಾತೆಂದು ತಿಳಿಯದಿರದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ಬಾವಿಗಳನ್ನೂ, ಅವು ಬತ್ತಿದ ಮೇಲೆ ಕೊಳವೆ ಬಾವಿಗಳನ್ನೂ ನಂಬಿ ರೈತನು ಹಿಪ್ಪುನೇರಳೆ ಬೆಳೆಸುತ್ತಾನೆ. ಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ತನಕ, ಸುಮಾರು 25 ದಿನ, ಮನೆಮಂದಿಗೆ ನಿದ್ದೆಯಿಲ್ಲ. ಚಂದ್ರಿಕೆಯಲ್ಲಿ ಗೂಡು ಕಟ್ಟಿದ ಮೇಲೂ ನೆಮ್ಮದಿಯಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬರುವುದು, ನೂಲು ಕೆಡುವುದು. ರಾಗಿಯನ್ನು ಕಣಜದಲ್ಲಿಟ್ಟು ಬೆಲೆ ಕಾಯುವಂತೆ ಹಸಿಗೂಡನ್ನಿಟ್ಟು ಕಾಯಲಾಗದು. ಚೀನದಿಂದ ಬಂದ ನೂಲಾದರೋ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕಾದಿರಬಲ್ಲುದು. ಕಾಯಬಲ್ಲವನಿಗೂ ಕಾಯಲಾರದವನಿಗೂ ನಡೆಯುವ ಪೈಪೋಟಿಯು ಸಮವೆಂದು ಯಾರು ಹೇಳಿಯಾರು?

ಈ ಕಷ್ಟ ಹೊಸತಲ್ಲ. ಚೀನ, ಜಪಾನುಗಳ ಅಗ್ಗದ ರೇಷ್ಮೆಯಿಂದ ನಮ್ಮ ಕಸುಬು ಕುಸಿದಾಗ ಸುಂಕ ಮಂಡಲಿಯು ವಿಚಾರಣೆ ನಡೆಸಿತು. 1934ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 2011ರಲ್ಲಿ ಕೇಂದ್ರ ಸರ್ಕಾರವು ಸುಂಕವನ್ನು ನೂರಕ್ಕೆ 30ರಿಂದ ಒಮ್ಮೆಗೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಬಿದ್ದು ರೈತರು ಬೀದಿಗೆ ಬಂದರು. 2013ರಲ್ಲಿ ಅದು 15ಕ್ಕೆ ಏರಿತು. ಅನಂತರ 10ಕ್ಕೆ ಇಳಿದು, 2021ರಲ್ಲಿ ಪುನಃ 15 ಆಯಿತು. ಈ ಏರಿಳಿತವನ್ನು ನಂಬಿ ನೇರಳೆ ತೋಟವಿಡುವುದೆಂತು?

ಆದರೆ ನೇಕಾರನ ಮಾತನ್ನೂ ಕೇಳುವುದು ನ್ಯಾಯ. ದೊಡ್ಡಬಳ್ಳಾಪುರದ ಮಗ್ಗದವನು ಪರದೇಶದ ನೂಲನ್ನು ಕೊಂಡದ್ದು ದೇಶದ್ರೋಹದಿಂದಲ್ಲ. ವಿದ್ಯುತ್ ಮಗ್ಗದ ಹಾಸಿಗೆ ಸಮನಾದ, ಕಡಿಯದ ಎಳೆ ಬೇಕು. ನಮ್ಮ ಮಿಶ್ರತಳಿಯ ನೂಲು ಹಲವೊಮ್ಮೆ ಅಷ್ಟು ಎಳೆತವನ್ನು ತಾಳದು. ನೂಲು ತುಟ್ಟಿಯಾದರೆ ಅವನ ಮನೆಯ ಒಲೆಯೂ ಆರುತ್ತದೆ. ನೂಲು ಬಿಚ್ಚುವವರ ಪಾಡು ಇವರಿಬ್ಬರ ನಡುವಿನದು: ಗೂಡು ತುಟ್ಟಿಯಾದರೂ ನಷ್ಟ, ನೂಲು ಅಗ್ಗವಾದರೂ ನಷ್ಟ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವ ಹೆಣ್ಣುಮಕ್ಕಳ ಕೂಲಿ ಇದರೊಳಗೇ ಹುಟ್ಟಬೇಕು.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಸುಂಕವು ಬೇಲಿ, ಬೇಲಿಯಿಲ್ಲದ ಹೊಲವನ್ನು ದನ ಮೇಯುವುದು ನಿಜ, ಆದರೆ ಬೇಲಿಯೇ ಬೆಳೆಯಲ್ಲ. ಸುಂಕವು ಹಲವು ವರ್ಷಗಳವರೆಗೆ ಸ್ಥಿರವಾಗಿರಲಿ. ಬದಲಿಸುವುದಾದರೆ ಮುಂಚಿತವಾಗಿ ತಿಳಿಸಲಿ. ಆ ಬಿಡುವಿನಲ್ಲಿ ದ್ವಿತಳಿ ಹುಳುವನ್ನು ಮನೆಮನೆಗೆ ಮುಟ್ಟಿಸಿ, ನೂಲು ಬಿಚ್ಚುವ ಯಂತ್ರಗಳನ್ನು ಸುಧಾರಿಸೋಣ. ಉಪಾಧ್ಯಾಯ ಮಹಾಶಯರು ಈ ಲೆಕ್ಕವನ್ನು ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಯಹೇಳಬೇಕು. ರೈತ, ನೂಲು ಬಿಚ್ಚುವವ, ನೇಕಾರ, ಈ ಮೂವರೂ ಹಿಡಿದಿರುವುದು ಒಂದೇ ಎಳೆ. ಎಲ್ಲಿ ಕಡಿದರೂ ಮೂವರ ಕೈಯೂ ಬರಿದು.