ಕೆಸುವಿಗೂ ಬೀಜವಿದೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಮಾತು)



ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಕೆಸುವೆಂದರೆ ಪತ್ರೊಡೆ, ಕರಕಲಿ. ಅಂಗಳದಲ್ಲಿ ಚೆಂದಕ್ಕೆ ನೆಡುವ ಆನೆಕಿವಿ ಕೆಸುವೂ ಅದೇ ಬಳಗ. ಗೆಡ್ಡೆ ಕಿತ್ತು ಹಂಚಿಕೊಳ್ಳುವುದರಿಂದ ಊರಿನ ಗಿಡಗಳೆಲ್ಲ ಒಂದೇ ತಾಯಿಯ ಪಡಿಯಚ್ಚು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ. ಎಲೆ ಕೊಳೆಸುವ ಫೈಟಾಫ್ತೋರಾ ನಮ್ಮ ಅಡಿಕೆಯ ಕೊಳೆರೋಗದ ದಾಯಾದಿಯೇ. 1993ರಲ್ಲಿ ಅದು ಸಮೋವಾ ದ್ವೀಪಗಳಿಗೆ ಕಾಲಿಟ್ಟು, ಬಹುಪಾಲು ಒಂದೇ ತಳಿಯಿದ್ದ ಕೆಸುವಿನ ಬೆಳೆಯನ್ನು ನೆಲಕಚ್ಚಿಸಿತು. ನನ್ನ ಅಂಗಳವೂ ಒಂದು ಮಳೆಗಾಲದಲ್ಲಿ ಬರಿದಾಯಿತು. ಆಮೇಲೆ ಬೀಜದ ಬೆನ್ನು ಹತ್ತಿದೆ.

ಹೂ ಬಾಡಿತೆಂದು ಕತ್ತರಿಸಿ ಎಸೆಯಬೇಡಿ. ಬುಡದ ಉಬ್ಬು ಮೆತ್ತಗಾಗಿ ಹಣ್ಣಾಗುವವರೆಗೆ ಕಾಯಿರಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲವಾದರೆ ತುರಿಕೆ. ಹಣ್ಣು ಹಿಸುಕಿ, ಚಹಾ ಸೋಸುವ ಜರಡಿಯಲ್ಲಿ ಲೋಳೆ ಹೋಗುವಂತೆ ತೊಳೆಯಿರಿ. ಬೀಜ ರಾಗಿಕಾಳಿಗಿಂತ ದೊಡ್ಡದಲ್ಲ. ಮೊದಲ ವರ್ಷ ನಾನು ಅರ್ಧ ಒಣಗಿದ್ದನ್ನೇ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಬೂಸ್ಟು ಬೆಳೆಸಿದೆ! ವಾರವಿಡೀ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ತಾರೀಖು ಬರೆದು, ತಳಕ್ಕೆ ಒಣ ಬೂದಿ ಹಾಕಿದ ಬಾಟಲಿಯಲ್ಲಿಡಿ. ಬಿತ್ತುವಾಗ ಮಣ್ಣು ಮುಚ್ಚಬೇಡಿ. ಅದಕ್ಕೆ ಬೆಳಕು ಬೇಕು.

ಕೆಲವು ಸಸಿ ತಂದಿದ್ದೇನೆ. ತಾಯಿಯಂತೆಯೇ ಇರುತ್ತವೆ ಎನ್ನಲಾರೆ. ಎಲೆ ಯಾವ ಬಣ್ಣವೋ ನನಗೂ ಗೊತ್ತಿಲ್ಲ. ಶಾಲೆಯ ಬಾವಿಕಟ್ಟೆಯ ಹತ್ತಿರ, ನೀರು ಹರಿದು ಬರುವಲ್ಲಿ ನೆಡಿ.